ಬೆಳ್ಳಕೇಣಿಯಲ್ಲಿ ಬೀಗರ ಊಟ

ಯಮಕನಮರಡಿಯಲ್ಲಿ ಹೈವೇಗೆ ಮುಖ ಮಾಡಿ ಹಗ್ಗ, ಚೀಲ, ತಾಡಪತ್ರಿ ಮಾರುವ ನೇಮಿನಾಥನನ್ನು ಸುಳ್ಳ ಎಂದರೆ ನಾಲಿಗೆಗೆ ದೋಷ ಬಂದೀತು. ಅವನ ಪ್ರತಿ ಮಾತೂ ಖರೆಯಿಂದಲೇ ಶುರುವಾಗುತ್ತದೆ. ತೊಂದರೆ ಇಷ್ಟೇ, ಖರೆ ಮುಗಿದ ಮೇಲೂ ಮಾತು ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಬ್ರೇಕು ಹೋದ ಕಬ್ಬಿನ ಟ್ರ್ಯಾಕ್ಟರು ಹೇಗೆ ಯಾರದೋ ಹೊಲ ಹೊಕ್ಕು, ಯಾರದೋ ಬಣವೆಗೆ ಗುದ್ದಿ ನಿಲ್ಲುತ್ತದೋ, ಅವನ ಮಾತೂ ಹಾಗೆಯೇ. ಊರಿನವರು ಇದನ್ನು ಬಲ್ಲವರಾದ್ದರಿಂದ ಅವನು ಹೇಳಿದ್ದರಲ್ಲಿ ಮೊದಲ ಅರ್ಧ ಮಾತ್ರ ಕೇಳಿ ಎದ್ದುಹೋಗುತ್ತಿದ್ದರು. ಬೇರೆ ಊರಿನವರಿಗೆ ಈ ಸೌಕರ್ಯ ಇರಲಿಲ್ಲ.

ಆ ವರ್ಷ ಮಗಳು ತ್ರಿಶಲಾಳಿಗೆ ಹುಕ್ಕೇರಿಯ ಅಣ್ಣಾಸಾಹೇಬರ ಮಗ ಧನ್ಯಕುಮಾರನ ಸಂಬಂಧ ಬಂದಿತ್ತು. ಹುಡುಗ ಪಂಪುಸೆಟ್ಟು ರಿಪೇರಿ ಮಾಡುವವನು. ಮಾತು ಕಡಿಮೆ, ನಗು ಜಾಸ್ತಿ. ಹುಡುಗಿ ಒಪ್ಪಿದ್ದಳು. ಬರೀ ಒಪ್ಪಿದ್ದಳು ಎಂದರೆ ಸಾಲದು. ಅವನು ನೋಡಿ ಹೋದ ದಿನದಿಂದ ಹಿತ್ತಲ ಟಾಕಿ ತುಂಬಿ ಹರಿದರೂ ಮೋಟರು ಬಂದ್ ಮಾಡುತ್ತಿರಲಿಲ್ಲ. ತಾಯಿ ಜಿನ್ನವ್ವ ಒದರಿದರೆ, “ಸುಟ್ರ ಸುಡ್ಲಿ ಬಿಡವ್ವಾ, ರಿಪೇರಿ ಮಾಡಾವ್ರು ಅದಾರಲ್ಲ,” ಎಂದು ತಲೆ ತಗ್ಗಿಸುತ್ತಿದ್ದಳು.

ಬಾಕಿ ಉಳಿದದ್ದು ಅಣ್ಣಾಸಾಹೇಬರ ಒಂದು ಮಾತು. ಕಟ್ಟಾ ಜೈನರಾದ ಅವರು ಮನೆತನವನ್ನು ಅಳೆಯುತ್ತಿದ್ದದ್ದು ಊಟದ ತಾಟಿನಿಂದ. ಹೊತ್ತು ಮುಳುಗಿದ ಮೇಲೆ ಅವರ ತುಟಿ ಹಸಿಯಾದದ್ದನ್ನು ಹುಕ್ಕೇರಿಯಲ್ಲಿ ಕಂಡವರಿಲ್ಲ. ಉಳ್ಳಾಗಡ್ಡಿ, ಬಟಾಟಿ, ಗಜ್ಜರಿ, ನೆಲದೊಳಗೆ ಬೆಳೆದ ಯಾವುದೂ ಅವರ ಹೊಸ್ತಿಲು ದಾಟಿದ್ದಿಲ್ಲ. ಮೊದಲು ನೋಡಿದ ಒಂದು ಸಂಬಂಧವನ್ನು ಸಾರಿನಲ್ಲಿ ತೇಲಿದ ಬಟಾಟಿ ಹೋಳಿಗಾಗಿ ಮುರಿದಿದ್ದರು. ಇನ್ನೊಂದನ್ನು, ಬಡಿಸುವ ಹೊತ್ತಿಗೆ ಅಂಗಳದಿಂದ ಒಂದು ಚುಕ್ಕಿ ಕಂಡಿತೆಂದು ಮುರಿದರು. ಆ ಚುಕ್ಕಿ ವಿಮಾನವಾಗಿತ್ತು ಎಂದು ಹೆಣ್ಣಿನ ಕಡೆಯವರು ಆಣೆ ಮಾಡಿದರೂ ಕೇಳಲಿಲ್ಲ.

ಹೀಗಿರುವಾಗ ಅವರ ಹೆಂಡತಿ ಸಾವಿತ್ರವ್ವನ ಮೊಳಕಾಲು ನೋವಿಗೆ ಗೋಕಾಕದ ಡಾಕ್ಟರು, ನಾಲ್ಕು ದಿನ ಸಮುದ್ರದ ಉಸುಕಿನಲ್ಲಿ ಅಡ್ಡಾಡಿ ಬನ್ನಿ ಎಂದುಬಿಟ್ಟರು. ಇದೇ ವರನ ಮೇಲೆ ಕಣ್ಣಿಟ್ಟಿದ್ದ ಗೋಕಾಕದ ಇನ್ನೊಂದು ಮನೆತನದವರು ಕಾರು ಕಳಿಸುತ್ತೇವೆ ಎಂದರಂತೆ. ಅದನ್ನು ಕೇಳಿದ ಮೇಲೆ ನೇಮಿನಾಥನಿಗೆ ಸುಮ್ಮನೆ ಕೂಡಲಾಗಲಿಲ್ಲ.

“ಸಮುದ್ರ ಅಂದ್ರ ಅಂಕೋಲಾದ ಆಚಿ ಬೆಳ್ಳಕೇಣಿ ನೋಡ್ರಿ. ನಾ ಹೋಗಿ ಬಂದೇನಿ,” ಎಂದ. ಇಲ್ಲಿಯವರೆಗೆ ಖರೆ. ಬಹಳ ವರ್ಷಗಳ ಹಿಂದೆ ಬೆಲ್ಲದ ಲಾರಿಯ ಜೊತೆ ಹೋದಾಗ ಅಲ್ಲಿ ಆಕ್ಸಲು ಮುರಿದು, ಒಬ್ಬ ಅಜ್ಜಿಯ ಕಟ್ಟೆಯ ಮೇಲೆ ಒಂದು ರಾತ್ರಿ ಮಲಗಿದ್ದ. ಅಜ್ಜಿ ಒಂದು ಲೋಟ ಮಜ್ಜಿಗೆ ಕೊಟ್ಟಿದ್ದಳು.

“ವರ್ಷ ವರ್ಷಾ ಹೋಗ್ತೇನ್ರಿ. ಬಸದಿ ಒಳಗ ಕುಂತಂಗ ಶಾಂತ ಇರ್ತೈತಿ. ಅಲ್ಲೆ ಒಬ್ಬಾಕಿ ಅಜ್ಜಿ ಅದಾಳ, ನನಗ ಮಗನ ಅಂತಾಳ. ಉಳ್ಳಾಗಡ್ಡಿ ಹೆಂಗಿರ್ತೈತಿ ಅಂತ ಆಕಿ ಕಣ್ಣೀಲೆ ಕಂಡಿಲ್ಲ. ಹೊತ್ತ ಮುಳುಗೂದ್ರಾಗ ತಾಟು ತೊಳದ ಬೋರಲ ಹಾಕಿರ್ತಾಳ. ನೀವು ಬುತ್ತಿ ಗಿತ್ತಿ ಏನೂ ತರಬ್ಯಾಡ್ರಿ!”

ಅಣ್ಣಾಸಾಹೇಬರು ಮೀಸೆ ನೇವರಿಸಿಕೊಂಡು, “ಹಂಗಾರ ಹೋಗೂಣು. ಅಲ್ಲಿಂದ ಬಂದ ಮ್ಯಾಲ ಲಗ್ನದ ಮಾತಾಡೂಣು,” ಎಂದರು.

ಎರಡೂ ಮನೆಯ ಗಂಡಹೆಂಡಿರು ಹೊರಡುವ ದಿನ ಬಾಡಿಗೆ ಟ್ರ್ಯಾಕ್ಸು ಬಾಗಿಲಿಗೆ ಬಂದಾಗ ತ್ರಿಶಲಾ ಅಪ್ಪನನ್ನು ದನದ ಕೊಟ್ಟಿಗೆಯ ಬಾಜೂ ಕರೆದು ಕೈ ಮುಗಿದಳು. “ಅಪ್ಪಾ, ನಿನ್ನ ಕಾಲ ಬೀಳ್ತೇನಿ. ಕೇಳಿದಷ್ಟಕ್ಕ ಮಾತಾಡು. ಮ್ಯಾಲ ಒಂದಕ್ಷರ ಬ್ಯಾಡ.”

“ನಾ ಯಾವಾಗ ಹೆಚ್ಚಿಗಿ ಮಾತಾಡೇನವಾ?” ಎಂದು ನೇಮಿನಾಥ ಹೃತ್ಪೂರ್ವಕವಾಗಿ ಆಶ್ಚರ್ಯಪಟ್ಟ.

ಯಲ್ಲಾಪುರದಲ್ಲಿ ಚಹಾ ಆಯಿತು, ಅರಬೈಲು ಘಟ್ಟದಲ್ಲಿ ಕುಡಿದ ಚಹಾ ಹೊರಗೂ ಬಂತು. ಬೆಳ್ಳಕೇಣಿ ಮುಟ್ಟುವಾಗ ಹೊತ್ತು ಸಮುದ್ರದಿಂದ ಎರಡು ಮಾರು ಮೇಲಿತ್ತು. ಟ್ರ್ಯಾಕ್ಸು ನಿಂತಿತು. ನೇಮಿನಾಥ ಇಳಿದ. ಇಳಿದವನು ಮತ್ತೆ ಹತ್ತಿ ಕೂತ.

ಅಜ್ಜಿಯ ಮನೆ ಇರಲಿಲ್ಲ. ಕಟ್ಟೆ ಇರಲಿಲ್ಲ. ಇದ್ದ ಜಾಗದಲ್ಲಿ ತೆಂಗಿನ ಗರಿಯ ಚಪ್ಪರಗಳು ಸಾಲು ಹಿಡಿದಿದ್ದವು. ಒಂದೊಂದಕ್ಕೂ ಬಣ್ಣದ ಬೋರ್ಡು, ಒಂದೊಂದರಲ್ಲೂ ಬೇರೆ ಬೇರೆ ಹಾಡು. ಮರದಿಂದ ಮರಕ್ಕೆ ಜೋಳಿಗೆ ಕಟ್ಟಿ ಅದರಲ್ಲಿ ಫಾರಿನ್ ಮಂದಿ ತೊಟ್ಟಿಲ ಕೂಸುಗಳಂತೆ ತೂಗಿಕೊಳ್ಳುತ್ತಿದ್ದರು. ಗಂಡಸರು ಚಡ್ಡಿಯಲ್ಲಿದ್ದರು. ಹೆಂಗಸರ ಬಗ್ಗೆ ಜಿನ್ನವ್ವ, “ಪಾಪ, ಯಾರ ಮನಿ ಮಕ್ಕಳೋ, ಅರಿವಿ ಒಣಗಿಲ್ಲೇನೋ,” ಎಂದು ಮರುಗಿದಳು. ಅಣ್ಣಾಸಾಹೇಬರು ಒಂದು ಸಲ ಹೊರಗೆ ನೋಡಿ ಕಣ್ಣು ಮುಚ್ಚಿದವರು ತೆರೆಯಲಿಲ್ಲ.

“ನೇಮಿನಾಥ, ಇದ ಏನು ನಿನ್ನ ಬಸದಿ?”

“ಹಿಂಗ ಒಂದ ನಿಮಿಷ ಬಂದ್ನಿರಿ, ಅಜ್ಜಿಗೆ ಹೇಳಿ ಬರ್ತೇನಿ,” ಎಂದು ನೇಮಿನಾಥ ಕಣ್ಣಿಗೆ ಬಿದ್ದ ಮೊದಲ ಚಪ್ಪರಕ್ಕೆ ಓಡಿದ. ಒಳಗೆ ಒಲೆಯ ಮುಂದೆ ಒಬ್ಬ ಗಂಡಸು, ಕಿವಿಯಲ್ಲಿ ರಿಂಗು, ತಲೆಗೆ ಬಣ್ಣದ ರುಮಾಲು, ಯಾವುದೋ ದೇಶದ ಶ್ಯಾವಿಗೆಗೆ ಟೊಮೆಟೊ ಸುರಿಯುತ್ತಿದ್ದ. ನೇಮಿನಾಥನನ್ನು ನೋಡಿ ಸೌಟು ಕೆಳಗಿಟ್ಟ.

“ಅಯ್ಯ! ತಾಡಪತ್ರಿ ಸಾವ್ಕಾರ್ರ! ನೀವ್ಯಾಕ ಇಲ್ಲೆ?”

ಅವನು ತುಕ್ಕಾನಟ್ಟಿಯ ಮಾಳಪ್ಪ. ಕುರಿ ಮಾರಿ ಊರು ಬಿಟ್ಟವನು ಎಲ್ಲಿ ಹೋದ ಎಂದು ಊರವರು ಕೇಳುತ್ತಿದ್ದರು. ಇಲ್ಲಿ ಬಂದು ಕುಳಿತು ಐದಾರು ದೇಶದ ಅಡಿಗೆ ಮಾಡುತ್ತಿದ್ದ. ನೇಮಿನಾಥ ಅವನ ಎರಡೂ ಕೈ ಹಿಡಿದುಕೊಂಡ. “ಮಾಳಪ್ಪಾ, ಬೀಗರನ್ನ ಕರಕೊಂಡ ಬಂದೇನೋ. ಹೊತ್ತ ಮುಳುಗೂದ್ರಾಗ ಉಳ್ಳಾಗಡ್ಡಿ ಇಲ್ಲದ ಊಟಾ ಬೇಕು.”

“ಉಳ್ಳಾಗಡ್ಡಿ ಇಲ್ಲದ್ದು ಅಂದ್ರ ನನ್ನ ಕಡೆ ನೀರೈತ್ರಿ. ನಮ್ಮ ಗಿರಾಕಿ ಉಣ್ಣೂದ ಕತ್ತಲಾದ ಮ್ಯಾಲ. ಈ ಒಲಿಮ್ಯಾಲ ನೀವು ಉಣ್ಣೂವಂಥಾದ್ದು ಒಂದೂ ಬೆಂದಿಲ್ರಿ, ಖರೆ ಹೇಳ್ತೇನಿ.”

ನೇಮಿನಾಥ ಹೊರಗೆ ಬಂದು ಸೂರ್ಯನನ್ನು ನೋಡಿದ. ಊರಲ್ಲಾದರೆ ಗುಡ್ಡದ ಹಿಂದೆ ಸರಿದು ಮರ್ಯಾದೆಯಿಂದ ಮುಳುಗುವ ಸೂರ್ಯ, ಇಲ್ಲಿ ಎಲ್ಲರೆದುರಿಗೆ ಬೆತ್ತಲೆ ನಿಂತು ಇಳಿಯುತ್ತಿದ್ದ. “ತಡಿಯೋ ಮಾರಾಯಾ, ಒಂದ ಹೆಣ್ಣಿನ ಲಗ್ನಾ ಐತಿ,” ಎಂದು ನೇಮಿನಾಥ ಅವನಿಗೆ ಗಟ್ಟಿಯಾಗಿಯೇ ಹೇಳಿದ. ಸೂರ್ಯ ಕೇಳಿಸಿಕೊಂಡ ಲಕ್ಷಣ ಕಾಣಲಿಲ್ಲ.

ತಿರುಗಿ ನೋಡಿದರೆ ಜಿನ್ನವ್ವ ಉಸುಕಿನ ಮೇಲೆ ಚಾದರ ಹಾಸಿ ಗಂಟು ಬಿಚ್ಚುತ್ತಿದ್ದಳು. ಖಡಕ್ ರೊಟ್ಟಿ, ಅಗಸಿ ಹಿಂಡಿ, ಮಡಕಿಕಾಳು, ಡಬ್ಬಿಯಲ್ಲಿ ಮೊಸರು.

“ಬುತ್ತಿ ಬ್ಯಾಡ ಅಂದಿದ್ನಲ್ಲ!” ಎಂದ ನೇಮಿನಾಥ.

“ಅದಕ್ಕ ಕಟ್ಟಿದ್ನಿ,” ಎಂದಳು ಜಿನ್ನವ್ವ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡ ಯಾವುದನ್ನು ಬೇಡ ಎನ್ನುತ್ತಾನೋ ಅದು ಬೇಕಾಗುತ್ತದೆ ಎಂಬುದು ತಿಳಿದಿತ್ತು.

ನಾಲ್ವರೂ ಲಗುಬಗೆಯಿಂದ ರೊಟ್ಟಿ ಮುರಿದರು. ಅಣ್ಣಾಸಾಹೇಬರು ಒಂದು ಕಣ್ಣು ತಾಟಿಗೆ, ಒಂದು ಕಣ್ಣು ಸೂರ್ಯನಿಗೆ ಇಟ್ಟು ಉಂಡರು. ಬಾಯಿ ಮುಕ್ಕಳಿಸಿ ಮುಖ ಒರೆಸಿಕೊಳ್ಳುವ ಹೊತ್ತಿಗೆ ಸೂರ್ಯನ ಕೆಳತುದಿ ನೀರಿಗೆ ತಾಗಿತು. ಅಷ್ಟರಲ್ಲಿ ಚಪ್ಪರಗಳಿಂದ, ಜೋಳಿಗೆಗಳಿಂದ ಫಾರಿನ್ ಮಂದಿ ಒಬ್ಬೊಬ್ಬರೇ ಎದ್ದು ಬಂದು ಸಮುದ್ರಕ್ಕೆ ಮುಖ ಮಾಡಿ, ಚಕ್ಕಳ ಬಕ್ಕಳ ಹಾಕಿ, ತುಟಿಪಿಟಕ್ಕೆನ್ನದೆ ಕುಳಿತರು.

ಹೊಟ್ಟೆ ತುಂಬಿದ್ದರಿಂದ ಅಣ್ಣಾಸಾಹೇಬರಿಗೆ ವಿಚಾರಣೆಗೆ ಬಲ ಬಂದಿತ್ತು. “ಈ ಮಂದಿ ಅರಿವಿ ಯಾಕ ಹಾಕ್ಕೊಂಡಿಲ್ಲ?”

“ಬಿಟ್ಟಾರ್ರಿ.”

“ಬಿಟ್ಟಾರಂದ್ರ?”

ಇಲ್ಲಿಗೆ ಖರೆ ಮುಗಿದಿತ್ತು. ನೇಮಿನಾಥನಿಗೆ ಮಗಳು ನೆನಪಾದಳು. ಆದರೆ ಅಣ್ಣಾಸಾಹೇಬರ ಹುಬ್ಬು ಗಂಟಿಕ್ಕುವುದನ್ನೂ ಕಂಡ, ಬ್ರೇಕು ಹೋಯಿತು. “ತ್ಯಾಗಾ ನೋಡ್ರಿ! ಮನಿ ಬಿಟ್ರು, ದೇಶಾ ಬಿಟ್ರು, ಈಗ ಅರಿವೀನೂ ಬಿಡಾಕತ್ತಾರ. ಹೊತ್ತ ಮುಳುಗೂದ್ರಾಗ ಊಟಾ ಮುಗಿಸಿ, ಹಿಂಗ ಪಡವಲಕ ಮಾರಿ ಮಾಡಿ ನೇಮ ಹಿಡದ ಕುಂತಬಿಡ್ತಾರ್ರಿ. ನಮ್ಮ ಧರ್ಮದ ಪ್ರಭಾವ ಎಲ್ಲೀತನಾ ಹೋಗೇತಿ ಅಂತೇನಿ!”

ಸೂರ್ಯ ಮುಳುಗಿದ. ಕುಳಿತವರೆಲ್ಲ ಒಮ್ಮೆಲೇ ಚಪ್ಪಾಳೆ ತಟ್ಟಿದರು.

“ಚಪ್ಪಾಳಿ ಯಾಕ?”

“ಇವತ್ತಿನ ನೇಮ ಪಾರ ಆತಂತ್ರಿ.”

ಸಾವಿತ್ರವ್ವನ ಕಣ್ಣಲ್ಲಿ ನೀರು ಬಂತು. ಅವಳೂ ಮೆಲ್ಲಗೆ ಎರಡು ಸಲ ತಟ್ಟಿದಳು. ಇಷ್ಟಕ್ಕೇ ಮುಗಿದಿದ್ದರೆ ಬಚಾವಾಗುತ್ತಿದ್ದ. ಆದರೆ ಆ ಸಂಜೆಗೆಂಪಿನಲ್ಲಿ ಸಮುದ್ರದ ಅಂಚಿನಿಂದ ಒಬ್ಬ ನಡೆದು ಬಂದ. ಉದ್ದನೆಯ ಬಿಳಿ ಆಳು, ಮೈಮೇಲೆ ಲಂಗೋಟಿ ಒಂದೇ, ತಲೆ ನುಣ್ಣಗೆ, ಒಂದು ಕೈಯಲ್ಲಿ ನವಿಲುಗರಿಯ ಕಟ್ಟು, ಇನ್ನೊಂದರಲ್ಲಿ ನೀರಿನ ಕರಟ.

ಮುನಿಯಾಗಲು ಒಂದೇ ಮೆಟ್ಟಿಲು ಉಳಿದಿರುವ, ಲಂಗೋಟಿಯ ಹೊರತು ಎಲ್ಲ ತೊರೆದ ತ್ಯಾಗಿಗೆ ನಮ್ಮ ಕಡೆಯ ಜೈನರು ಐಲಕರು ಎನ್ನುತ್ತಾರೆ. ಅವರ ಕೈಯಲ್ಲಿ ನವಿಲುಗರಿಯ ಪಿಂಛಿ, ನೀರಿಗೆ ಕಮಂಡಲ. ಬೊಗಸೆಯೇ ಅವರ ತಾಟು. ಅಣ್ಣಾಸಾಹೇಬರ ಎಡಗಣ್ಣಿಗೆ ಪೊರೆ ಬಂದಿತ್ತು, ಬಲಗಣ್ಣು ಅಷ್ಟು ಹೊತ್ತು ಸೂರ್ಯನನ್ನು ನೋಡಿ ಮಂಜಾಗಿತ್ತು. ಅವರು ಧಡಕ್ಕನೆ ಎದ್ದು ಕೈ ಜೋಡಿಸಿ, ಐಲಕರಿಗೆ ಹೇಳುವ ಕ್ರಮದಲ್ಲಿ, “ಇಚ್ಛಾಮಿ!” ಎಂದರು.

ಬಂದವನು ಮಾತಾಡಲಿಲ್ಲ. ನಕ್ಕು, ಕೈ ಮುಗಿದು, ಮುಂದೆ ಹೋದ.

“ಮೌನ ವ್ರತಾನೂ ಐತಿ!” ಎಂದು ಅಣ್ಣಾಸಾಹೇಬರು ಗದ್ಗದಿತರಾದರು. “ನೇಮಿನಾಥಾ, ನಾ ನಿನ್ನ ತಪ್ಪ ತಿಳದಿದ್ನೆಪಾ. ಮುಂಜಾನೆ ಇವರಿಗೆ ಆಹಾರ ಕೊಟ್ಟ ನಾವು ಇಲ್ಲಿಂದ ಕದಲೂದು.”

ನೇಮಿನಾಥ ಚಪ್ಪರಕ್ಕೆ ಹೋಗಿ ಮಾಳಪ್ಪನನ್ನು ಮೂಲೆಗೆ ಎಳೆದ. ಮಾಳಪ್ಪ ಎಲ್ಲ ಬಿಡಿಸಿ ಹೇಳಿದ. ಅವನ ಹೆಸರು ಡೀಟರ್, ಜರ್ಮನಿಯವನು. ತಲೆಯಲ್ಲಿ ಹೇನಾಗಿ ಬೋಳಿಸಿಕೊಂಡಿದ್ದ. ಪ್ಯಾಂಟನ್ನು ನಾಯಿ ಎಳೆದೊಯ್ದಿತ್ತು. ನವಿಲುಗರಿ ನೊಣ ಹೊಡೆಯಲು. ಮೌನ ಏಕೆಂದರೆ ಅವನ ಗೆಳತಿ, ನಿನ್ನ ಬಡಬಡಿಕೆ ಕೇಳಿ ಕೇಳಿ ತಲೆ ಕೆಟ್ಟಿದೆ, ವಾರ ಬಾಯಿ ಮುಚ್ಚು, ಆಮೇಲೆ ನೋಡೋಣ ಎಂದಿದ್ದಳು.

“ಮಾತು ಹೆಚ್ಚಾಗಿ ಕೆಟ್ಟಾನಂತೀಯಾ?” ಎಂದ ನೇಮಿನಾಥನಿಗೆ ಆ ಜರ್ಮನಿಯವನ ಮೇಲೆ ಒಡಹುಟ್ಟಿದವನ ಮಮತೆ ಉಕ್ಕಿತು. “ಮಾಳಪ್ಪಾ, ನಾಳಿ ಒಂದ ತಾಸು ಅಂವ ಹಿಂಗ ಇದ್ರ ಸಾಕು, ನನ್ನ ಮಗಳ ಲಗ್ನಾ ಆಕ್ಕೈತಿ.”

“ಅಂವ ಇರೂದ ಹಂಗ್ರಿ,” ಎಂದ ಮಾಳಪ್ಪ.

ಮುಂಜಾನೆ ಮಾಳಪ್ಪನ ಕಲ್ಲಿನ ಒಲೆಯನ್ನು ಸಾವಿತ್ರವ್ವ ತೊಳೆದ ರೀತಿಗೆ ಕಲ್ಲು ತೆಳ್ಳಗಾಯಿತು. ಹೊಸ ಗಡಿಗೆ ತರಿಸಿ, ನೀರು ಸೋಸಿ, ಶಿರಾ ಮಾಡಿದರು. ನಾಲ್ವರೂ ಮಿಂದು ಮಡಿಯುಟ್ಟು, ಕಲಶ ತೆಂಗಿನಕಾಯಿ ಹಿಡಿದು ಚಪ್ಪರದ ಮುಂದೆ ನಿಂತರು. ಡೀಟರ್ ಎಂದಿನಂತೆ ನಾಷ್ಟಾಕ್ಕೆ ಬಂದ. ಅಣ್ಣಾಸಾಹೇಬರು ಭಕ್ತಿಯಿಂದ ಕರೆದರು, ಮೂರು ಸುತ್ತು ಬಂದರು, ಮಣೆ ತೋರಿಸಿದರು. ಮಾಳಪ್ಪನ ಚಪ್ಪರದಲ್ಲಿ ಗಿರಾಕಿಗೆ ಇಂಥ ಉಪಚಾರ ಶುರುವಾದದ್ದು ಕಂಡು ಡೀಟರನ ಮುಖ ಅರಳಿತು. ಕುಳಿತ. ತಾಟು ಕಾಣದ್ದರಿಂದ ಬೊಗಸೆ ಒಡ್ಡಿದ.

“ನೋಡ್ರಿ, ಕರಪಾತ್ರ!” ಎಂದು ಸಾವಿತ್ರವ್ವ ಪಿಸುಗುಟ್ಟಿದಳು.

ಶಿರಾ ಬಿತ್ತು. ಡೀಟರ್ ತಿಂದ. ಮತ್ತೆ ಬಿತ್ತು, ಮತ್ತೆ ತಿಂದ. ಅಣ್ಣಾಸಾಹೇಬರ ಮುಖದಲ್ಲಿ ಅಂಥ ಸಂತೋಷವನ್ನು ಹುಕ್ಕೇರಿ ನೋಡಿರಲಿಕ್ಕಿಲ್ಲ. ನೇಮಿನಾಥನ ಮನಸ್ಸಿನಲ್ಲಿ ಆಗಲೇ ಲಗ್ನದ ಹಂದರ ಎದ್ದಿತ್ತು. ಆಗ ಹಿಂದಿನ ಬಾಗಿಲಿಂದ ಮಾಳಪ್ಪನ ಹೊಸ ಆಳು, ಸಂಗತಿ ಏನೂ ತಿಳಿಯದವನು, ಡೀಟರನ ದಿನದ ತಾಟನ್ನು ತಂದು ಅವನ ಮುಂದಿಟ್ಟು ಹೋದ. ತಾಟಿನಲ್ಲಿ ಬಿಸಿ ಬಿಸಿ ಹಳದಿ ಆಮ್ಲೇಟು.

“ಏನದು?” ಎಂದರು ಅಣ್ಣಾಸಾಹೇಬರು. ರಾತ್ರಿ ಉಸುಕಿನ ಮೇಲೆಯೇ ಮಲಗಿದ್ದರಿಂದ ಸಮುದ್ರದ ಗಾಳಿಗೆ ಅವರ ಮೂಗು ಕಟ್ಟಿತ್ತು.

“ಕಡ್ಲಿಹಿಟ್ಟಿನ ದ್ವಾಸಿ ರಿ!” ನೇಮಿನಾಥನ ಬಾಯಿ ಅವನನ್ನು ಕೇಳದೆ ಓಡಿತು. “ತ್ಯಾಗಿಗಳಿಗಂತನ ಮಾಡಿದ್ದು. ಇಂಥಾ ಶುದ್ಧ ಪದಾರ್ಥ ಗೋಕಾಕ ತಾಲೂಕಿನಾಗ ಹುಡಿಕಿದ್ರೂ ಸಿಗಂಗಿಲ್ರಿ!”

ಡೀಟರನಿಗೆ ಶಿರಾದ ಮುಂದೆ ಆಮ್ಲೇಟು ಬೇಡವಾಗಿತ್ತು. ಇಷ್ಟು ಉಪಚರಿಸಿದ ಹಿರಿಯರಿಗೆ ತಾನೂ ಏನಾದರೂ ಕೊಡಬೇಕಲ್ಲ ಎಂದು ಆ ತಾಟನ್ನು ಎರಡೂ ಕೈಯಿಂದ ಎತ್ತಿ, ನಗುತ್ತಾ ಅಣ್ಣಾಸಾಹೇಬರ ಮುಂದೆ ಹಿಡಿದ.

“ತ್ಯಾಗಿಗಳ ಕೈಲೆ ಬಂದದ್ದು, ಒಲ್ಲೆ ಅನಬಾರದು,” ಎಂದು ಅಣ್ಣಾಸಾಹೇಬರು ತಲೆ ಬಾಗಿಸಿ, ಒಂದು ತುಣುಕು ಮುರಿದು, ಕಣ್ಣಿಗೊತ್ತಿಕೊಂಡರು.

ಜಿನ್ನವ್ವ ಗಂಡನನ್ನು ನೋಡಿದಳು. ಮಾಳಪ್ಪ ಒಲೆಯ ಹಿಂದೆ ಕೂತುಬಿಟ್ಟ. ನೇಮಿನಾಥನ ಕಣ್ಣ ಮುಂದೆ ಟಾಕಿ ತುಂಬಿ ಹರಿಯುವ ನೀರು, ಅದರ ಬಾಜೂ ತಲೆ ತಗ್ಗಿಸಿ ನಿಂತ ಮಗಳು. ಸುಮ್ಮನಿದ್ದರೆ ಸಾಕಿತ್ತು. ಹುಟ್ಟಿದಾಗಿನಿಂದ ಸುಮ್ಮನಿರಲಾರದವನಿಗೆ ಇಂದು ಬರೀ ಸುಮ್ಮನಿದ್ದರೆ ಕೆಲಸವಾಗುತ್ತಿತ್ತು. ತುಣುಕು ತುಟಿಯ ಹತ್ತಿರ ಬಂತು. ಅರವತ್ತು ವರ್ಷ ಆ ಮುದುಕ ಕಾಪಾಡಿಕೊಂಡ ಬಾಯಿ ಅದು.

“ತಿನಬ್ಯಾಡ್ರೀ! ತತ್ತಿ ಐತ್ರೀ ಅದರಾಗ!” ಎಂದು ಕೂಗಿ ನೇಮಿನಾಥ ಹಾರಿ ಅವರ ಕೈಗೆ ಹೊಡೆದ. ತುಣುಕು ಒಂದು ಕಡೆ, ತಾಟು ಒಂದು ಕಡೆ ಬಿದ್ದವು. ಆಮೇಲೆ ಅವನು ನಿಲ್ಲಲಿಲ್ಲ. “ಅಂವ ಐಲಕ ಅಲ್ರಿ, ಹೇನಾಗಿದ್ದುವು! ಅರಿವಿ ನಾಯಿ ಒಯ್ದೇತಿ! ಈ ಮಂದಿ ನೇಮದವ್ರಲ್ಲ, ರಾತ್ರಿ ಉಣ್ತಾರ! ಅಜ್ಜಿ ಒಮ್ಮಿ ಮಜ್ಜಿಗಿ ಕೊಟ್ಟಿದ್ಲು, ಅಷ್ಟ! ನಾ ಇಲ್ಲಿಗೆ ವರ್ಷ ವರ್ಷಾ ಬಂದಿಲ್ಲ, ಒಮ್ಮಿ ಬಂದಿದ್ನಿ, ಅದೂ ಆಕ್ಸಲ್ ಮುರದಿತ್ತಂತ!”

ಈ ಗಲಾಟೆಯಲ್ಲಿ ತನ್ನ ಕಡೆ ಯಾರೂ ನೋಡುತ್ತಿಲ್ಲ ಎನ್ನಿಸಿದ ಡೀಟರ್, ವ್ರತ ಮುರಿದು, ಮಾಳಪ್ಪ ಕಲಿಸಿದ ಕನ್ನಡದಲ್ಲಿ ಸಾವಿತ್ರವ್ವನನ್ನು ಕೇಳಿದ: “ಯಕ್ಕಾ, ಇನ್ನೊಂಚೂರು ಶಿರಾ ಐತೇನ್ರಿ?”

ಸಾವಿತ್ರವ್ವ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲದೆ, ಮೊಳಕಾಲು ನೋವು ಮರೆತು ಉಸುಕಿನಲ್ಲಿ ಕುಸಿದು ಕೂತು ನಕ್ಕಳು. ಜಿನ್ನವ್ವನೂ ನಕ್ಕಳು, ಅಳುತ್ತಲೂ ಇದ್ದಳು. ಅಣ್ಣಾಸಾಹೇಬರು ಮಾತ್ರ ಸಮುದ್ರದವರೆಗೆ ನಡೆದುಹೋಗಿ ಬಹಳ ಹೊತ್ತು ಕೈ ತೊಳೆದು ಬಂದರು.

“ಸುಳ್ಳ ಹೇಳಿದಿ.”

“ಹೌದ್ರಿ.”

“ಒಂದಲ್ಲ.”

“ಅಲ್ರಿ. ಭಾಳ.”

“ನಾ ಅದನ್ನ ತಿಂದಿದ್ರ ನನಗ ಗೊತ್ತಾಗತಿದ್ದಿಲ್ಲ. ನಿನ್ನ ಮಗಳ ಲಗ್ನಾ ಸಲೀಸ ಆಗತಿತ್ತು.”

“ನನಗ ಗೊತ್ತಾಗತಿತ್ತಲ್ರಿ,” ಎಂದ ನೇಮಿನಾಥ. ಅಷ್ಟಕ್ಕೇ ನಿಲ್ಲಿಸಿದ. ಮುಂದೆ ಇನ್ನೇನಾದರೂ ಬರಬಹುದೆಂದು ಜಿನ್ನವ್ವ ಕಾದಳು. ಬರಲಿಲ್ಲ.

ಅಣ್ಣಾಸಾಹೇಬರು ಮೂಗು ಒರೆಸಿಕೊಂಡರು. “ಬಾಯಿ ಹೊಲಸ ಐತಿ ನಿಂದು. ತಾಟು ಸ್ವಚ್ಛ ಐತಿ. ನಾ ನೋಡೂದು ತಾಟು.” ಎರಡು ಹೆಜ್ಜೆ ಹೋದವರು ತಿರುಗಿ ಬಂದು ದನಿ ತಗ್ಗಿಸಿದರು. “ಇನ್ನೊಂದ ಮಾತು. ನಾ ಆ ಹೇನಿನಾವಗ ಕೈ ಮುಗದದ್ದು, ಸುತ್ತ ಬಂದದ್ದು ಹುಕ್ಕೇರಿಗೆ ಗೊತ್ತಾಗಬಾರದು. ಹೊರಗಿನವ್ರಾದ್ರ ಹೇಳ್ಯಾರು. ಬೀಗರಾದವ್ರು ಹೇಳಂಗಿಲ್ಲ. ಹೌದಿಲ್ಲೋ?”

“ಹೌದ್ರಿ ಬೀಗರ!” ಎಂದ ನೇಮಿನಾಥ.

ಲಗ್ನ ಯಮಕನಮರಡಿಯಲ್ಲೇ ಆಯಿತು. ಅಕ್ಕಿಕಾಳು ಬಿದ್ದು ಇನ್ನೇನು ಊಟಕ್ಕೆ ಕೂರಬೇಕು, ಅಷ್ಟು ದಿನ ತ್ರಿಶಲಾ ಓಡಿಸಿದ್ದ ಮೋಟರು ಅಂದೇ ಸುಟ್ಟಿತು. ಮದುಮಗ ಬಾಸಿಂಗ ಬಿಚ್ಚಿಟ್ಟು, ಧೋತರ ಎತ್ತಿ ಕಟ್ಟಿ ರಿಪೇರಿಗೆ ಇಳಿದ. ಮದುಮಗಳು ಪಾನಾ, ಸ್ಕ್ರೂ ಕೊಡುತ್ತಾ ಪಕ್ಕದಲ್ಲೇ ಕುಳಿತಳು. ಅವರಿಬ್ಬರಿಗೆ ಅವಸರವೇ ಇದ್ದಂತಿರಲಿಲ್ಲ. ನೀರು ಬಂದು, ಬೇಳೆ ಬೆಂದು, ಪಂಕ್ತಿ ಕೂರುವಾಗ ಹೊತ್ತು ಗುಡ್ಡಕ್ಕೆ ಇಳಿದಿತ್ತು. ಬಡಿಸುವವರು ಓಡಿದರು, ಉಣ್ಣುವವರು ಓಡಿದಂತೆಯೇ ಉಂಡರು. ಕೊನೆಯವನು ಕೈ ತೊಳೆದದ್ದೂ, ಸೂರ್ಯ ಮರೆಯಾದದ್ದೂ ಒಂದೇ ಆಯಿತು.

ಆಗ ಗಂಡಿನ ತಾಯಿ ಸಾವಿತ್ರವ್ವ ಪಡುವಣಕ್ಕೆ ಮುಖ ಮಾಡಿ ಗಟ್ಟಿಯಾಗಿ ಚಪ್ಪಾಳೆ ತಟ್ಟಿದಳು. ಜಿನ್ನವ್ವ ತಟ್ಟಿದಳು. ಬೀಗಿತ್ತಿಯರು ತಟ್ಟಿದ ಮೇಲೆ ಇದು ಹುಕ್ಕೇರಿಯ ಪದ್ಧತಿ ಇದ್ದೀತೆಂದು ಇಡೀ ಹಂದರ ತಟ್ಟಿತು.

“ಚಪ್ಪಾಳಿ ಯಾಕ್ರೀ ನೇಮಣ್ಣಾ?” ಎಂದು ಯಾರೋ ಕೇಳಿದರು. ನೇಮಿನಾಥ ಬಾಯಿ ತೆರೆದ. ಅಣ್ಣಾಸಾಹೇಬರು ಅವನ ಕಾಲಿನ ಮೇಲೆ ತಮ್ಮ ಕಾಲು ಇಟ್ಟು ಭದ್ರವಾಗಿ ಒತ್ತಿದರು.

“ಏನಿಲ್ರಿ,” ಎಂದ ನೇಮಿನಾಥ. “ಹೊತ್ತ ಮುಳುಗೂದ್ರಾಗ ಎಲ್ಲಾರ ಊಟಾ ಆತಲ್ಲ, ಅದಕ್ಕ.”